ಮೀನಿಗೆ ಮುಂಗಡ ಊಟ

ಹಿಡಿದ ಜಾಗವನ್ನು ಉಳಿಸಿಕೊಳ್ಳಲು ಮನುಷ್ಯ ಎಲ್ಲ ಕಡೆಯೂ ಏನಾದರೊಂದು ಉಪಾಯ ಕಂಡುಕೊಂಡಿದ್ದಾನೆ. ಲೋಕಲ್ ಗಾಡಿಯಲ್ಲಿ ಕಿಟಕಿಯಿಂದ ಒಂದು ಕರವಸ್ತ್ರ ಎಸೆದರೆ ಸಾಕು, ಆ ಸೀಟು ನಮ್ಮದು. ನಾನು ಮದುವೆಯಾಗಿ ಮಹಾರಾಷ್ಟ್ರದ ಕಲ್ಯಾಣದ ಚಾಳಿಗೆ ಬಂದಾಗ ನಳದ ಮುಂದಿನ ಸಾಲಿನಲ್ಲಿ ನನ್ನ ಬದಲು ನನ್ನ ಬಾಲ್ದಿ ನಿಲ್ಲುತ್ತಿತ್ತು. ತಳ ತೂತಾದ ಬಾಲ್ದಿ, ಆದರೂ ಅದನ್ನು ಸರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕಿದ್ದ ಮರ್ಯಾದೆ ನನಗಿರಲಿಲ್ಲ ಎಂದರೂ ನಡೆದೀತು. ಮದುವೆ ಊಟದ ಪಂಕ್ತಿಯಲ್ಲಿ ಸೆರಗು ಹಾಸಿ ಇಬ್ಬರಿಗೆ ಜಾಗ ಹಿಡಿದವಳು ನಾನು. ಆದರೆ ಹೊಳೆಯಲ್ಲಿ ಏನು ಹಾಸುವುದು? ನೀರಿನ ಮೇಲೆ ಕರವಸ್ತ್ರ ಹಾಸಿದರೆ ಅದು ಸಂಜೆಯೊಳಗೆ ಕಲ್ಯಾಣದ ಖಾಡಿಯ ಉಪ್ಪುನೀರಿನಲ್ಲಿರುತ್ತದೆ. ಏಳು ದಿನ ಬೆನ್ನು ಬಗ್ಗಿಸಿ ಒಂದು ಕಡೆ ಮೀನಿಗೆ ಮೇವು ಹಾಕಿ, ಎಂಟನೇ ದಿನ ಗಾಳ ಹಿಡಿದು ಹೋದಾಗ ಅಲ್ಲಿ ಬೇರೆಯವರು ಸಾಲುಗಟ್ಟಿ ನಿಂತಿದ್ದರೆ ಯಾವ ಕಚೇರಿಗೆ ಹೋಗಿ ಅರ್ಜಿ ಕೊಡುವುದು? ಅರ್ಜಿ ಕೊಡುವ ಕಚೇರಿ ಇಲ್ಲದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದಲ್ಲಿ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಸಿಟ್ಟನ್ನು ಮಾತ್ರ ಯಾರೂ ತಿದ್ದಬಾರದು.

ಸಿಟ್ಟಿಗಿಂತ ಮೊದಲು ಸಂತೋಷದ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನನಗೊಬ್ಬಳು ಮೊಮ್ಮಗಳಿದ್ದಾಳೆ. ಹೆಸರು ತನ್ವಿ, ವಯಸ್ಸು ಒಂಬತ್ತು, ಕಾಮೋಠೆಯಲ್ಲಿ ಇರುವ ನನ್ನ ಮಗನ ಮಗಳು. ಸೊಸೆ ಸಾತಾರಾ ಕಡೆಯವಳು, ಬಂಗಾರದಂಥ ಹುಡುಗಿ. ತನ್ವಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ, ನಡುವೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಬಲಗೆನ್ನೆಯಲ್ಲಿ ಬೀಳುವುದಿಲ್ಲ, ಯಾಕೆಂದರೆ ಎರಡೂ ಕಡೆ ಬಿದ್ದರೆ ದೃಷ್ಟಿಯಾಗುತ್ತದೆಂದು ದೇವರಿಗೂ ಗೊತ್ತು. ಅವಳ ವಿಷಯ ಬರೆಯುತ್ತ ಕೂತರೆ ಮೀನಿನ ಹತ್ತಿರ ಬರುವಾಗ ಕಾಗದ ಮುಗಿಯುತ್ತದೆ. ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ದೀಪಾವಳಿಗೆ ಮುಂಚೆ ಶಾಲೆಯಲ್ಲಿ "ನನ್ನ ಅಜ್ಜಿ" ಎಂದು ಚಿತ್ರ ಬರೆಯಲು ಹೇಳಿದರಂತೆ. ಉಳಿದ ಮಕ್ಕಳೆಲ್ಲ ಅಜ್ಜಿಯ ಕೈಗೆ ಜಪಮಾಲೆ, ಲಟ್ಟಣಿಗೆ, ತುಳಸಿಗೆ ನೀರು ಹೊಯ್ಯುವ ತಂಬಿಗೆ ಕೊಟ್ಟಿದ್ದರು. ನಮ್ಮವಳು ನನ್ನ ಕೈಗೆ ಗಾಳದ ಕೋಲು ಕೊಟ್ಟಳು. ಸುಳ್ಳಲ್ಲ. ನನ್ನ ತವರು ಉಡುಪಿ ಕಡೆಯ ಒಂದು ಹೊಳೆಯ ದಡ. ಅಣ್ಣನ ಹಿಂದೆ ಗಾಳ ಹಿಡಿದು ತಿರುಗಿದಷ್ಟು ನಾನು ಶಾಲೆಗೆ ತಿರುಗಿದ್ದರೆ ಇವತ್ತು ಮೆಟ್ರಿಕ್ ಆದರೂ ಆಗುತ್ತಿದ್ದೆ. ಆ ಕಥೆಗಳನ್ನೆಲ್ಲ ಅವಳಿಗೆ ಹೇಳಿದ್ದೆ. ಕ್ಲಾಸಿನಲ್ಲಿ ಚಿತ್ರ ತೋರಿಸಿದಾಗ ಎಲ್ಲರೂ ನಕ್ಕರಂತೆ. ಆ ರಾತ್ರಿಯೂಟದ ಹೊತ್ತಿಗೆ ಮೊಬೈಲಿನಲ್ಲಿ ಅವಳ ಮುಖ ಬಂತು. ಗುಳಿ ಇಲ್ಲ, ಮೂಗು ಕೆಂಪು.

"ಆಜೀ, ಸಬ್ ಹಸೇ ಮುಝ್ ಪೆ. ಬೋಲೇ ತೇರೀ ಆಜೀ ಝೂಟ್ ಬೋಲ್‌ತೀ ಹೈ."

"ಯಾರು ಮಗಾ ಹಾಗೆ ಹೇಳಿದ್ದು?"

"ಸಬ್. ಬೋಲೇ ಆಜೀ ಲೋಗ್ ಮಂದಿರ್ ಜಾತೇ ಹೈಂ, ಮಛ್ಲೀ ನಹೀಂ ಪಕಡ್‌ತೇ."

ಅಜ್ಜಿಯರು ದೇವಸ್ಥಾನಕ್ಕೆ ಹೋಗುತ್ತಾರೆ, ಮೀನು ಹಿಡಿಯುವುದಿಲ್ಲ ಎಂದರಂತೆ. ನನ್ನ ಮೊಮ್ಮಗಳನ್ನು ನೋಡಿ ನಕ್ಕದ್ದು ಒಂದು, ನನ್ನನ್ನು ಸುಳ್ಳಿ ಎಂದದ್ದು ಇನ್ನೊಂದು. "ರಜೆಯಲ್ಲಿ ಇಲ್ಲಿಗೆ ಬಾ. ನಾನು ಹಿಡಿಯುವುದಲ್ಲ, ನೀನೇ ಹಿಡಿಯುತ್ತೀ. ಕೈಯಲ್ಲಿ ಮೀನು ಹಿಡಿದು ಫೋಟೋ ತೆಗೆದು ಆ ಕ್ಲಾಸಿನ ಮುಖಕ್ಕೆ ಹಿಡಿ" ಎಂದೆ. ಗುಳಿ ಬಂತು. ನಾವೀಗ ಇರುವ ಟಿಟ್ವಾಳಾ ಎಂದರೆ "ಬೋರ್ ಹೋತಾ ಹೈ" ಎನ್ನುತ್ತಿದ್ದ ಮಗು, ಹಬ್ಬ ಮುಗಿದ ಶನಿವಾರ ಬೆಳಿಗ್ಗೆಯೇ ಬರುತ್ತೇನೆ ಎಂದಿತು. ಭಾನುವಾರ ಮೀನು ಹಿಡಿಯುವುದು, ಸಂಜೆ ಅವಳ ಅಮ್ಮ ಬಂದು ಸಾತಾರಾದ ಅಜ್ಜಿಮನೆಗೆ ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಯಿತು. ಅಂದರೆ ನನಗಿದ್ದದ್ದು ಒಂದೇ ಭಾನುವಾರ. ಮಾತು ಕೊಟ್ಟು ಫೋನ್ ಇಟ್ಟ ಮೇಲೆ ನೆನಪಾಯಿತು, ನಾನು ಗಾಳ ಮುಟ್ಟದೆ ನಲವತ್ತು ವರ್ಷದ ಮೇಲಾಗಿದೆ.

ಮನೆಯಿಂದ ಹತ್ತು ನಿಮಿಷ ನಡೆದರೆ ಕಾಳು ನದಿ. ಮಳೆಗಾಲದಲ್ಲಿ ಅದರ ಹತ್ತಿರ ಹೋಗುವ ಹಾಗಿಲ್ಲ, ದೀಪಾವಳಿಯ ಹೊತ್ತಿಗೆ ಮೈ ಇಳಿದು ತಿಳಿಯಾಗಿರುತ್ತದೆ. ಸೇತುವೆಯ ಕೆಳಗೆ ಸ್ವಲ್ಪ ದೂರದಲ್ಲಿ ಒಂದು ಹೊಂಗೆ ಮರ, ಅದರ ಬೇರಿನ ಪಕ್ಕದಲ್ಲಿ ನೀರು ತಿರುಗಿ ನಿಲ್ಲುವ ಒಂದು ಆಳದ ಗುಂಡಿ. ನಮ್ಮ ಕಡೆ ಇದಕ್ಕೆ ಕಯ ಎನ್ನುತ್ತಾರೆ. ಅಂಥ ಕಡೆ ಮೀಸೆ ಮೀನು ಇರುತ್ತದೆ. ಬಾಯಿಯ ಎರಡೂ ಕಡೆ ಸಣ್ಣ ಸಣ್ಣ ಮೀಸೆ, ಮೈಯೆಲ್ಲ ದೊಡ್ಡ ಹುರುಪೆ, ನೆಲವನ್ನು ಮೂಸಿ ಮೂಸಿ ತಿನ್ನುವ ಜಾತಿ. ಇಲ್ಲಿಯ ಆಗ್ರಿ ಜನ ಅದಕ್ಕೊಂದು ಹೆಸರು ಹೇಳುತ್ತಾರೆ, ಅದು ನನ್ನ ಬಾಯಿಗೆ ಬರುವುದಿಲ್ಲ. ಈ ಮೀನು ಸಂಶಯದ್ದು. ಸುಮ್ಮನೆ ಹೋಗಿ ಗಾಳ ಹಾಕಿದರೆ ಮೀಸೆ ತಿರುವಿಕೊಂಡು ಹೋಗಿಬಿಡುತ್ತದೆ. ಅದಕ್ಕೆ ಮೊದಲು ನಂಬಿಕೆ ಬರಿಸಬೇಕು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಂದೇ ಕೈಯಿಂದ ಮೇವು ಬೀಳಬೇಕು. ಅದೂ ಒಂದೇ ಮುಷ್ಟಿ. "ಹಸಿವು ಉಳಿಯಬೇಕು, ಆಸೆ ಹುಟ್ಟಬೇಕು, ಅಷ್ಟೇ ಹಾಕಬೇಕು" ಎಂದು ಅಣ್ಣ ಹೇಳುತ್ತಿದ್ದ. ಗಾಳ ಹಾಕುವ ಹಿಂದಿನ ದಿನ ಅದರಲ್ಲೂ ಅರ್ಧ. ಆಗ ಮಾರನೆಯ ದಿನ ಅದೇ ಹೊತ್ತಿಗೆ ಅದೇ ಮೇವನ್ನು ಗಾಳಕ್ಕೆ ಕಟ್ಟಿ ಬಿಟ್ಟರೆ ಕಣ್ಣು ಮುಚ್ಚಿ ನುಂಗುತ್ತದೆ.

ಇದನ್ನು ನಮ್ಮ ಯಜಮಾನರಿಗೆ ಅರ್ಥ ಮಾಡಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ಇವರು ಠಾಣೆಯ ಹೋಟೆಲೊಂದರಲ್ಲಿ ಬಡಿಸುವವರಾಗಿ ಸೇರಿ, ಗಲ್ಲಾದವರೆಗೆ ಹೋಗಿ, ಹೊರಬಿದ್ದವರು. ಬಂದವರ ಎಲೆ ಖಾಲಿ ಕಂಡರೆ ಈಗಲೂ ಇವರ ಕೈ ತಾನಾಗಿಯೇ ಸೌಟು ಹುಡುಕುತ್ತದೆ. ಅನ್ನ, ತೌಡು, ಕಡಲೆಕಾಯಿ ಹಿಂಡಿ, ಚೂರು ಬೆಲ್ಲ ಕಲಸಿ ನಾನು ಒಂದು ಮುಷ್ಟಿ ಸ್ಟೀಲ್ ಡಬ್ಬಿಗೆ ಹಾಕಿದರೆ ಇವರು ಇಣುಕಿ ನೋಡಿದರು.

"ಇಷ್ಟೇಯಾ?"

"ಇಷ್ಟೇ."

"ಇದು ಎಂತ ಮಾರಾಯ್ತಿ, ಚಟ್ನಿ ಬಡಿಸಿದ ಹಾಗೆ! ಒಂದು ಸಲ ಕಡಿಮೆ ಬಡಿಸಿದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗ್ತಾನೆ."

"ನಿಮ್ಮ ಗಿರಾಕಿಯನ್ನು ನೀವು ಕೊನೆಗೆ ಹುರಿದು ತಿಂತಿದ್ರಾ? ಇಲ್ಲವಲ್ಲ. ಸುಮ್ಮನೆ ಕೂತ್ಕೊಳ್ಳಿ."

ಇವರು ಕೂತರು. ನಾನು ಅದರ ಹಿಂದಿನ ಭಾನುವಾರದಿಂದಲೇ ಶುರುಮಾಡಿದೆ. ಬೆಳಿಗ್ಗೆ ಏಳಕ್ಕೆ ಡಬ್ಬಿ ಹಿಡಿದು ಹೋಗುವುದು, ಮೇವನ್ನು ಬೇರಿನ ಪಕ್ಕ ಮೆಲ್ಲಗೆ ಬಿಡುವುದು, ಹತ್ತು ನಿಮಿಷ ಕೂತು ನೋಡುವುದು. ಮೊದಲ ಎರಡು ದಿನ ಏನೂ ಇಲ್ಲ. ಮೂರನೇ ದಿನ ಕೆಳಗಿನಿಂದ ಗುಳ್ಳೆ ಎದ್ದವು. ನಾಲ್ಕನೇ ದಿನ ತಳದಲ್ಲಿ ಮಣ್ಣು ಕದಡಿ ಮೇಲೆ ಬಂತು, ನಡುವೆ ಒಂದು ಹೊಟ್ಟೆ ಬೆಳ್ಳಗೆ ಹೊರಳಿತು. ನನ್ನ ಮೊಣಕಾಲಿನ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಮನೆಯ ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ.

ಹಾಗೆ ಹಾಡಿಕೊಂಡು ಬಂದದ್ದೇ ತಪ್ಪಾಯಿತು. ನಮ್ಮ ಸೊಸೈಟಿಯ, ಅಂದರೆ ನಾವಿರುವ ಕಟ್ಟಡದ, ಗೇಟಿನಲ್ಲಿ ಜೋಶಿ ಕಾಕು ಮತ್ತು ಶಿಂದೆ ವಹಿನಿ ನಿಂತಿದ್ದರು. ಕಾಕು ಎಂದರೆ ಚಿಕ್ಕಮ್ಮ, ವಹಿನಿ ಎಂದರೆ ಅತ್ತಿಗೆ, ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಜೋಶಿ ಕಾಕು ಕೆಳಮಹಡಿಯವರು, ಹಿಂದೆ ಶಾಲೆಯಲ್ಲಿ ಟೀಚರ್ ಆಗಿದ್ದವರು, ಶುದ್ಧ ಸಸ್ಯಾಹಾರಿ. ಅವರೆದುರು ನಾನು ಇವತ್ತಿಗೂ ನಾಲ್ಕನೇ ಕ್ಲಾಸಿನಂತೆಯೇ ನಿಲ್ಲುತ್ತೇನೆ. ಶಿಂದೆ ವಹಿನಿ ನಮ್ಮ ಎದುರು ಬಾಗಿಲಿನವಳು, ಮಾಲವಣದವಳು, ಕೈಯಲ್ಲಿ ಸದಾ ಮೊಬೈಲು.

"ಸಕಾಳೀ ಸಕಾಳೀ ಕುಠೇ ಗೇಲಾ ಹೋತಾತ್, ಮಾವ್ಶೀ?" ಎಂದು ವಹಿನಿ ಕೇಳಿದಳು. ಇಷ್ಟು ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ದೊಡ್ಡಮ್ಮಾ ಎಂದು.

"ಮಾಶಾಂನಾ ಖಾಯ್ಲಾ ಘಾಲಾಯ್ಲಾ" ಎಂದೆ. ಮೀನಿಗೆ ತಿನ್ನಿಸಲು ಹೋಗಿದ್ದೆ ಎಂದರೆ ಅದರಲ್ಲಿ ಸುಳ್ಳೆಲ್ಲಿದೆ?

ಜೋಶಿ ಕಾಕುವಿನ ಮುಖ ದೇವರ ಕೋಣೆಯ ಹಾಗೆ ಬೆಳಗಿತು. ಇಲ್ಲಿ ಗ್ರಹದೋಷಕ್ಕೆ ಮೀನಿಗೆ ಹಿಟ್ಟಿನ ಉಂಡೆ ಹಾಕುವ ಪದ್ಧತಿ ಇದೆ. ಜ್ಯೋತಿಷಿಗಳು ಹೇಳುತ್ತಾರೆ, ಜನ ಮಾಡುತ್ತಾರೆ. "ಶನೀಚಂ ಆಹೇ, ಕೀ ರಾಹೂಚಂ?" ಎಂದು ಕಾಕು ದನಿ ತಗ್ಗಿಸಿ ಕೇಳಿದರು.

ಅಲ್ಲಿಯೇ ಹೇಳಬಹುದಿತ್ತು. ಕಾಕು, ಶನಿಯೂ ಇಲ್ಲ ರಾಹುವೂ ಇಲ್ಲ, ಗಾಳ ಹಾಕಲಿಕ್ಕೆ ಎಂದು. ಆದರೆ ಟೀಚರ್ ಆಗಿದ್ದವರು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. ನಾನು ಕಣ್ಣು ತಗ್ಗಿಸಿ "ನಾತೀಸಾಠೀ" ಎಂದೆ. ಮೊಮ್ಮಗಳಿಗಾಗಿ. ಅದೂ ಸತ್ಯವೇ. ಕಾಕುವಿನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಯಾಕೆಂದು ಈಗ ಕೇಳಬೇಡಿ. ಆ ವಾರವಿಡೀ ನನಗಾಗಿ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವವರಿದ್ದರು. ನಮ್ಮ ಮನೆಯ ಒಣಮೀನಿನ ವಾಸನೆಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಪುಣ್ಯವಂತೆಯಾಗಿರುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ಮೊದಲೇ ಆಗಿಬಿಡುತ್ತಿದ್ದೆ.

ಶನಿವಾರ ಏಳಕ್ಕೆ ಮೊದಲೇ ತನ್ವಿ ಬಂದಳು. ಅವತ್ತು ಅವಳ ಕೈಯಿಂದಲೇ ಅರ್ಧ ಮುಷ್ಟಿ ಹಾಕಿಸಿದೆ. ನೀರೊಳಗೆ ಒಂದರ ಹಿಂದೆ ಒಂದು ನೆರಳು ಸರಿದದ್ದನ್ನು ನೋಡಿ ಅವಳು ನನ್ನ ಸೆರಗನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಪಿನ್ನು ಕಿತ್ತು ಬಂತು. ಭಾನುವಾರ ಆರೂಮುಕ್ಕಾಲಿಗೆ ಮೂವರೂ ಹೊರಟೆವು. ನಾನು ಮುಂದೆ, ನನ್ನ ಕೈ ಹಿಡಿದು ತನ್ವಿ, ಹಿಂದೆ ಎಂಟು ಅಡಿಯ ಬಿದಿರಿನ ಗಾಳದ ಕೋಲು ಹೊತ್ತು ಇವರು. ಹೊಂಗೆ ಮರದ ತಿರುವಿಗೆ ಬಂದಾಗ ಗಲಾಟೆ ಕೇಳಿಸಿತು.

ನಮ್ಮ ಸೊಸೈಟಿಯ ಹೆಂಗಸರೆಲ್ಲ ಅಲ್ಲಿದ್ದರು. ನನ್ನ ಕಯದ ಸುತ್ತ. ನನ್ನ ಬೇರಿನ ಮೇಲೆ. ಶಿಂದೆ ವಹಿನಿ ಹಿಂದಿನ ದಿನ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದಳಂತೆ: "ನಮ್ಮ ಗಿರಿಜಾ ಮಾವ್ಶಿ ಮೊಮ್ಮಗಳಿಗಾಗಿ ಮತ್ಸ್ಯಸೇವೆ ಮಾಡುತ್ತಿದ್ದಾರೆ, ಭಾನುವಾರ ಏಳಕ್ಕೆ ನಾವೂ ಸೇರೋಣ." ಮೊಬೈಲಿನಲ್ಲಿ ಬಂದದ್ದನ್ನು ಓದುವ ಅಭ್ಯಾಸ ನನಗಿಲ್ಲ, ಇವರಿಗೆ ಕನ್ನಡಕ ಸಿಕ್ಕಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ. ಗೋಧಿಹಿಟ್ಟಿನ ಉಂಡೆ, ಬ್ರೆಡ್ಡು, ಹುರಿಗಡಲೆ. ಒಬ್ಬಳಂತೂ ದೀಪಾವಳಿಗೆ ಮಾಡಿ ಉಳಿದ ಚಿವಡಾ, ಮುರಿದ ಚಕ್ಕುಲಿ, ಶಂಕರಪಾಳಿ ಎಲ್ಲ ತಂದು ಸುರಿಯುತ್ತಿದ್ದಳು. ನನ್ನ ಮೀನುಗಳು ನಾಚಿಕೆ ಬಿಟ್ಟು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಏಳು ದಿನ ಒಂದು ಮುಷ್ಟಿಗೆ ಕಾದು ಕಾದು ಹಸಿವನ್ನು ಬೆಳೆಸಿಕೊಂಡ ಮೀನುಗಳು ಐದು ನಿಮಿಷದಲ್ಲಿ ಆ ಹಸಿವನ್ನೆಲ್ಲ ಮುಗಿಸಿಬಿಟ್ಟವು. ನನ್ನ ಕಿವಿ ಬಿಸಿಯಾಯಿತು. ಸೀಟು ಹಿಡಿಯುವವರನ್ನು ನೋಡಿದ್ದೇನೆ, ಸಾಲು ಮುರಿಯುವವರನ್ನು ನೋಡಿದ್ದೇನೆ, ನನ್ನ ಬಾಲ್ದಿಯನ್ನು ಒದ್ದವರನ್ನೂ ನೋಡಿದ್ದೇನೆ. ಪುಣ್ಯ ಮಾಡುತ್ತೇವೆಂದು ಬಂದು ಇಷ್ಟು ದೊಡ್ಡ ಅನ್ಯಾಯ ಮಾಡಿದವರನ್ನು ನಾನು ನೋಡಿರಲಿಲ್ಲ.

"ಯಾ ಯಾ, ಮಾವ್ಶೀ!" ಎಂದು ಕಾಕು ಎರಡೂ ಕೈ ಚಾಚಿ ಕರೆದರು. ಆಮೇಲೆ ಅವರ ಕಣ್ಣು ನನ್ನ ಹಿಂದೆ ಹೋಯಿತು. ಇವರು ಎಂಟು ಅಡಿಯ ಬಿದಿರನ್ನು ಬೆನ್ನ ಹಿಂದೆ ಅಡಗಿಸಲು ನೋಡುತ್ತಿದ್ದರು.

"ಹಾ ಬಾಂಬೂ ಕಶಾಲಾ?" ಈ ಬಿದಿರು ಯಾಕೆ ಎಂದು.

ಹೋಟೆಲಿನಲ್ಲಿ ಸಾಂಬಾರಿಗೆ ನೊಣ ಬಿದ್ದಾಗ ಗಿರಾಕಿಯನ್ನು ಸಮಾಧಾನ ಮಾಡಿದ ಅನುಭವ ಇವರದು. ಕಣ್ಣು ಮಿಟುಕಿಸದೆ "ಕುತ್ರೀ, ಕಾಕು, ಕುತ್ರೀ" ಎಂದರು. ದಾರಿಯಲ್ಲಿ ನಾಯಿ ಕಾಟ, ಅದಕ್ಕೆ ಎಂದು. ಅಷ್ಟು ಹೇಳುವಾಗ ಕೋಲಿನ ತುದಿಯಿಂದ ದಾರವೂ ಗಾಳವೂ ಇಳಿದು ಎಲ್ಲರ ಮುಂದೆ ತೂಗಾಡತೊಡಗಿದವು.

"ಕುತ್ರೀ ನಾಹೀ!" ತನ್ವಿ ಗಟ್ಟಿಯಾಗಿ ಹೇಳಿದಳು. "ಆಮ್ಹೀ ಮಾಸೇ ಪಕಡಾಯ್ಲಾ ಆಲೋಯ್!"

ನಾಯಿಗಲ್ಲ, ಮೀನು ಹಿಡಿಯಲು ಬಂದಿದ್ದೇವೆ ಎಂದು. ಎಲ್ಲರ ಕೈ ಡಬ್ಬಿಯಲ್ಲೇ ನಿಂತಿತು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ತನ್ವಿ ನನ್ನ ಕಡೆ ತಿರುಗಿದಳು. ಮೂಗು ಆಗಲೇ ಕೆಂಪಾಗುತ್ತಿತ್ತು. "ಹೋ ನಾ, ಆಜೀ?"

ಹೌದಲ್ಲವಾ ಅಜ್ಜಿ, ಎಂದು ಕೇಳುತ್ತಿದ್ದಾಳೆ ಮಗು. ಈ ಕಡೆ ಜೋಶಿ ಕಾಕು, ನಾನು ಪುಣ್ಯವಂತೆಯೆಂದು ನಂಬಿದವರು. ಆ ಕಡೆ ತನ್ವಿ, ನಾನು ಮೀನು ಹಿಡಿಯುವವಳೆಂದು ನಂಬಿದವಳು. ಒಂದು ವಾರದ ಪುಣ್ಯ, ಲಿಫ್ಟಿನ ಬಾಗಿಲು, ಟೀಚರ್ ಕೊಟ್ಟ ಗೌರವ, ಎಲ್ಲ ಕಣ್ಣ ಮುಂದೆ ಬಂತು. ಹೋಗಲಿ ಅತ್ತ.

"ಹೋ" ಎಂದೆ. "ಪಕಡಾಯ್ಲಾಚ್ ಆಲೋಯ್." ಹಿಡಿಯಲಿಕ್ಕೇ ಬಂದದ್ದು.

"ಖಾಯ್ಲಾ ಘಾಲೂನ್ ಮಾರಣಾರ್?" ಎಂದರು ಕಾಕು. ತಿನ್ನಲು ಕೊಟ್ಟು ಕೊಲ್ಲುವುದೇ ಎಂದು.

ಅದನ್ನು ಕೇಳಿದ್ದೇ ನನ್ನ ಮರಾಠಿ ಎಲ್ಲ ಮುಗಿದುಹೋಯಿತು. ಸಿಟ್ಟು ಬಂದಾಗ ನನಗೆ ಕನ್ನಡವೇ ಬೇಕು. "ಏಳು ದಿನ ಮೊಣಕಾಲು ನೋವು ನುಂಗಿಕೊಂಡು ಬಂದವಳು ನಾನು! ಕಯ ಹುಡುಕಿದ್ದು ನಾನು, ನಂಬಿಕೆ ಬರಿಸಿದ್ದು ನಾನು! ನಿಮಗೆ ಪುಣ್ಯ ಬೇಕಾದ್ರೆ ಹೊಳೆ ಇಷ್ಟುದ್ದ ಉಂಟು, ಮೇಲೆ ಹೋಗಿ, ಕೆಳಗೆ ಹೋಗಿ! ನನ್ನ ಮೀನಿನ ಹೊಟ್ಟೆಗೆ ಚಕ್ಕುಲಿ ತುರುಕಲಿಕ್ಕೆ ನಿಮಗೆ ಹೇಳಿದವರು ಯಾರು?" ಒಬ್ಬರಿಗೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ತನ್ವಿಯನ್ನು ಬಿಟ್ಟರೆ ಅರ್ಥವಾದವರು ಒಬ್ಬರೇ, ನಮ್ಮ ಯಜಮಾನರು. ಅವರು ನಾಲ್ಕು ಹೆಜ್ಜೆ ಸರಿದಿದ್ದರು.

ಮೊದಲು ಬಾಯಿ ಬಿಟ್ಟವಳು ಶಿಂದೆ ವಹಿನಿ. "ಮಗ್ ಆಧೀ ಸಾಂಗಾಯ್ಚಂ ನಾ, ಮಾವ್ಶೀ! ಮೀ ಉಗಾಚ್ ಪೀಠ ಮಳಲಂ!" ಮೊದಲೇ ಹೇಳಬಾರದಿತ್ತಾ, ಸುಮ್ಮನೆ ಹಿಟ್ಟು ಕಲಸಿದೆನಲ್ಲ ಎಂದು ಅವಳ ಸಂಕಟ. ಮಾಲವಣದವಳಲ್ಲವೇ, ಡಬ್ಬಿ ಮುಚ್ಚಿ ನನ್ನ ಪಕ್ಕದಲ್ಲೇ ಕೂತು, ಎಷ್ಟು ದೊಡ್ಡದು ಸಿಗಬಹುದು, ಮುಳ್ಳು ಜಾಸ್ತಿಯಾ, ತಿರಫಳದ ಮಸಾಲೆ ಹಾಕಿ ಮಾಡುತ್ತೀರಾ ಎಂದು ವಿಚಾರಿಸತೊಡಗಿದಳು. ಕಾಕು ಬೆನ್ನು ತಿರುಗಿಸಿ ಹೋದರು. ಉಳಿದವರು ಅರ್ಧ ಗಂಟೆ ನಿಂತು, ಏನೂ ಆಗುವುದಿಲ್ಲವೆಂದು ಕಂಡು ಚದುರಿದರು.

ಏನೂ ಆಗಲಿಲ್ಲ, ನಿಜ. ಹನ್ನೊಂದರವರೆಗೆ ಕೂತೆವು. ತನ್ವಿ ಕೋಲು ಹಿಡಿದ ಕೈ ಅಲ್ಲಾಡಿಸಲಿಲ್ಲ, ಉಚ್ಚೆಗೂ ಏಳಲಿಲ್ಲ. ಗಾಳದ ಉಂಡೆಯ ಹತ್ತಿರ ಮೀನುಗಳು ಬರುತ್ತಿದ್ದವು, ಮದುವೆ ಊಟ ಮುಗಿಸಿದವರು ಬೀಡಾದ ತಟ್ಟೆ ನೋಡಿದ ಹಾಗೆ ನೋಡಿ ಹೋಗುತ್ತಿದ್ದವು. ನಾನು ಹೆಂಗಸರನ್ನು ಬೈದೆ, ಮೊಬೈಲನ್ನು ಬೈದೆ, ಶಂಕರಪಾಳಿ ಕಂಡುಹಿಡಿದವರನ್ನು ಬೈದೆ. ಸಂಜೆ ಸೊಸೆ ಕರೆದುಕೊಂಡು ಹೋಗಲು ಬಂದಾಗ ತನ್ವಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಮಾಸಾ ಪಕಡಲ್ಯಾಶಿವಾಯ್ ಮೀ ಯೇಣಾರ್ ನಾಹೀ." ಮೀನು ಹಿಡಿಯದೆ ಬರುವುದಿಲ್ಲ! ಸೊಸೆ ನನ್ನ ಮುಖ ನೋಡಿದಳು. ನಾನು ಗಂಭೀರವಾಗಿ, ಮತ್ತೆ ನಂಬಿಕೆ ಬರಿಸಬೇಕಾದರೆ ಇನ್ನು ಏಳು ದಿನ ಬೇಕು, ಅದು ಮೀನಿನ ಕಾನೂನು, ನನ್ನ ಕೈಯಲ್ಲೇನಿದೆ ಎಂದೆ. ಅಣ್ಣ ಹೇಳುತ್ತಿದ್ದದ್ದು ನಾಲ್ಕು ದಿನ. ಆದರೆ ಇದು ಮಹಾರಾಷ್ಟ್ರ, ಇಲ್ಲಿನ ಮೀನು ಬೇರೆ.

ಆ ವಾರದ ಬಗ್ಗೆ ಬರೆಯಲು ನನ್ನ ಹತ್ತಿರ ಅಷ್ಟು ಅಕ್ಷರಗಳಿಲ್ಲ. ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಎದ್ದು ತೌಡಿನ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ಹಿಂಡಿ, ತೌಡು, ಕಯ, ಬೆಂಡು ಎಲ್ಲ ಅವಳ ನಾಲಿಗೆಗೆ ಬಂತು. ಮಂಗಳವಾರ ಇವರು ಕದ್ದು ಡಬ್ಬಿಗೆ ಇನ್ನೊಂದು ಸೌಟು ಮೇವು ಹಾಕಲು ಹೋದಾಗ ಅವಳು ಕೈ ಹಿಡಿದು "ಅಜ್ಜಾ, ಸ್ವಲ್ಪ ಹಾಕು, ಜಾಸ್ತಿ ಬೇಡ" ಎಂದಳು. ಕನ್ನಡದಲ್ಲಿ! ಅದು ಅವಳ ಬಾಯಿಂದ ಬಂದ ಮೊದಲನೆಯ ಪೂರಾ ಕನ್ನಡ ವಾಕ್ಯ. ಇವರು ಸೌಟು ಕೆಳಗಿಟ್ಟು ಬಾಲ್ಕನಿಗೆ ಹೋಗಿ ಮೂಗು ಒರೆಸಿಕೊಂಡು ಬಂದರು. ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಕಾಕುವಿನ ಮನೆಗೂ ಹೋಗಿ, ನೀವು ಸೇತುವೆಯ ಮೇಲ್ಗಡೆ ಹಾಕಿ, ನಾನು ಕೆಳಗಡೆ ಹಾಕುತ್ತೇನೆ ಎಂದು ಗಡಿ ಗುರುತು ಮಾಡಿ ಬಂದೆ. ಅವರು ತಲೆಯಾಡಿಸಿದರು, ಮಾತಾಡಲಿಲ್ಲ. ಹೊಟ್ಟೆ ತುಂಬಿಸಿ ಮೀನನ್ನು ಕೆಡಿಸುವವರ ಮಾತು ನನಗೂ ಬೇಡವಾಗಿತ್ತು.

ಶನಿವಾರ ಮಧ್ಯಾಹ್ನ ಮಗನ ಫೋನು ಬಂತು. ನಾಳೆ ಸಂಜೆ ಬರುತ್ತೇವೆ, ಮೀನು ಸಿಕ್ಕಿದರೆ ಸೋಮವಾರ ಅವಳನ್ನೂ ಕರೆದುಕೊಂಡು ಸಾತಾರಾಕ್ಕೆ ಹೋಗುತ್ತೇವೆ, ಸಿಗದಿದ್ದರೆ ಹಟ ಬಿಡುವುದಿಲ್ಲವಲ್ಲ, ಶಾಲೆ ಶುರುವಾಗುವವರೆಗೆ ಇನ್ನೊಂದು ವಾರ ನಿಮ್ಮ ಹತ್ತಿರವೇ ಇರಲಿ, ಎಂದ. ನಾನು "ಆಯ್ತು ಮಗಾ" ಎಂದು ಫೋನ್ ಇಟ್ಟೆ. ಅಡುಗೆಮನೆಗೆ ಹೋದೆ. ಹೊರಗೆ ತನ್ವಿಯೂ ಅಜ್ಜನೂ ಟೀವಿ ನೋಡಿ ನಗುತ್ತಿದ್ದರು. ಬೆಳಿಗ್ಗೆ ಲೆಕ್ಕದಂತೆ ಅರ್ಧ ಮುಷ್ಟಿ ಹಾಕಿ ಬಂದಾಗಿತ್ತು, ಅವಳೇ ಅಳೆದಿದ್ದಳು. ಎಲ್ಲ ಸರಿಯಾಗಿತ್ತು. ನಾಳೆ ಏಳಕ್ಕೆ ಮೀನು ಕಣ್ಣು ಮುಚ್ಚಿ ನುಂಗುವುದು ನಿಶ್ಚಯವಾಗಿತ್ತು.

ನಾನು ದೊಡ್ಡ ಪಾತ್ರೆ ತೆಗೆದೆ. ಮಧ್ಯಾಹ್ನದ ಅನ್ನ, ಉಳಿದ ಹಿಂಡಿ ಅಷ್ಟೂ, ತೌಡು ಅಷ್ಟೂ, ಬೆಲ್ಲ ಕೈ ತುಂಬ. ಮೇಲೆ ಎರಡು ಚಪಾತಿ ಹರಿದು ಹಾಕಿದೆ. ಸೊಪ್ಪು ತರುತ್ತೇನೆ ಎಂದು ಹೇಳಿ ಹೊರಟೆ. ಹೊಂಗೆ ಬೇರಿನ ಹತ್ತಿರ ಕೂತು, ಅಣ್ಣನ ಮುಖ ನೆನಪಾಗದ ಹಾಗೆ ನೋಡಿಕೊಂಡು, ಪಾತ್ರೆಯ ತಳ ಕಾಣುವಂತೆ ಎಲ್ಲ ಸುರಿದೆ. ಹೇಗೆ ತಿಂದವು ಎನ್ನುತ್ತೀರಿ! ನೋಡಿ ನನಗೆ ನೆಮ್ಮದಿಯಾಯಿತು. ಇಷ್ಟು ತಿಂದ ಮೇಲೆ ನಾಳೆ ಮಧ್ಯಾಹ್ನದವರೆಗೆ ಯಾವ ಮೀನೂ ಬಾಯಿ ತೆರೆಯಲಾರದು.

ಬರುವಾಗ ಸೇತುವೆಯ ಹತ್ತಿರ ಜೋಶಿ ಕಾಕು ಎದುರಾದರು. ಖಾಲಿ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿ ಗಾಳವಿಲ್ಲ, ಕೋಲಿಲ್ಲ. ವಾರದ ನಂತರ ಮೊದಲ ಸಲ ಬಾಯಿ ತೆರೆದರು. "ಏವಢಂ ಸಗಳಂ ಘಾತಲಂತ್?" ಇಷ್ಟೂ ಹಾಕಿದಿರಾ?

"ಹೋ."

"ನಾತೀಸಾಠೀ?"

"ನಾತೀಸಾಠೀ" ಎಂದೆ. ಆಗಲೂ ಸತ್ಯ, ಈಗಲೂ ಸತ್ಯ. ಕಾಕು ನನ್ನ ಭುಜ ತಟ್ಟಿದರು. ನಾನು ಸರಿದಾರಿಗೆ ಬಂದೆನೆಂದು ಅವರಿಗೆ ಸಂತೋಷ.

ಭಾನುವಾರ ಏಳಕ್ಕೆ ತನ್ವಿ ಗಾಳ ಬಿಟ್ಟಳು. ನಾನು ಪಕ್ಕದಲ್ಲಿ ಕೂತು, ಮುಂದಿನ ವಾರ ಅವಳಿಗೆ ಏನೇನು ಮಾಡಿ ಹಾಕುವುದೆಂದು ಯೋಚಿಸುತ್ತಿದ್ದೆ. ಸೋಮವಾರ ನೀರುದೋಸೆ, ಮಂಗಳವಾರ ಪತ್ರೊಡೆ. ಬುಧವಾರಕ್ಕೆ ಬರುವಷ್ಟರಲ್ಲಿ ದಾರಕ್ಕೆ ಕಟ್ಟಿದ ಬೆಂಡು ಮುಳುಗಿತು. ಅಲ್ಲಾಡಿದ್ದಲ್ಲ, ಮುಳುಗಿಯೇ ಹೋಯಿತು. "ಆಜೀ!" ಎಂದು ಅವಳು ಕೂಗಿದ್ದು ಟಿಟ್ವಾಳಾ ಸ್ಟೇಷನ್ನಿಗೆ ಕೇಳಿಸಿರಬೇಕು. ಬಿದಿರು ಬಾಗಿತು. ನಾನು ಎಲ್ಲ ಮರೆತೆ. "ಬಿಡಬೇಡ ಮಗಾ, ಎಳೀಬೇಡ, ತಲೆ ಮೇಲೆ ಮಾಡು, ಹಾಗೇ, ಹಾಗೇ, ನನ್ನ ಬಂಗಾರಾ!" ಎಂದು ಕುಣಿದೆ. ಮೊಣಕಾಲುದ್ದ ನೀರಿಗೆ ಸೀರೆ ಸಮೇತ ಇಳಿದು, ಎರಡೂ ಕೈಯಲ್ಲಿ ಬಾಚಿ ದಡಕ್ಕೆ ತಂದವಳು ನಾನೇ. ನನ್ನ ಮೊಳಕೈಯುದ್ದದ ಮೀಸೆ ಮೀನು! ಅದನ್ನು ಎದೆಗೆ ಅಪ್ಪಿ ಹಿಡಿದು ಅವಳು ನಿಂತದ್ದನ್ನು ಇವರು ಇಪ್ಪತ್ತು ಫೋಟೋ ತೆಗೆದರು, ಹತ್ತರಲ್ಲಿ ಇವರ ಹೆಬ್ಬೆರಳು. ಆ ಮುಖ ನೋಡಿದ ಮೇಲೆ ನಾನು ಇನ್ನೇನೂ ನೋಡದೆ ಕಣ್ಣು ಮುಚ್ಚಿದರೂ ಪರವಾಗಿಲ್ಲ. ಕ್ಲಾಸಿನವರಿಗೆ ಈಗ ಗೊತ್ತಾಗಲಿ, ಯಾರು ಸುಳ್ಳಿ ಎಂದು.

ಮನೆಗೆ ತಂದು ಇವರು ಮೀನಿನ ಹೊಟ್ಟೆ ಸೀಳಿದರು. ಸೀಳಿದ ಕೈ ಅಲ್ಲಿಯೇ ನಿಂತಿತು. ಒಳಗೆ ಅನ್ನ, ಹಿಂಡಿ, ಚಪಾತಿ ಚೂರು, ತುಂಬಿ ತುಳುಕುತ್ತಿತ್ತು. ಇವರು ಆ ಹೊಟ್ಟೆಯನ್ನು ನೋಡಿದರು, ಖಾಲಿಯಾದ ಹಿಂಡಿ ಡಬ್ಬಿಯನ್ನು ನೋಡಿದರು, ನಿಧಾನವಾಗಿ ತಲೆ ಎತ್ತಿ ನನ್ನನ್ನು ನೋಡಿದರು. ಬಡಿಸಿ ಬಡಿಸಿ ಬದುಕಿದವರು, ಎಲೆಯಲ್ಲಿ ಬಿದ್ದದ್ದು ಯಾರ ಸೌಟಿನದು ಎಂದು ಗೊತ್ತಾಗದೆ ಇರುತ್ತದೆಯೇ? "ಮಸಾಲೆ ಅರೆದಾಯ್ತಾ?" ಎಂದು ಮಾತ್ರ ಕೇಳಿದರು.

ಸಂಜೆ ಮಗನೂ ಸೊಸೆಯೂ ಬಂದರು. ಎಲ್ಲರೂ ಬೆರಳು ಚೀಪಿಕೊಂಡು ಉಂಡರು. ತನ್ವಿ ಚಪ್ಪಲಿ ಹಾಕಿಕೊಂಡು, ಕುಣಿಯುತ್ತ, ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಲಿಫ್ಟಿಗೆ ಹೋದಳು. ನಾನು ಬಾಲ್ಕನಿಯಲ್ಲಿ ನಿಂತು ರಿಕ್ಷಾ ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿದೆ. ಒಳಗೆ ಬಂದಾಗ ಮನೆ ತುಂಬ ಮೀನಿನ ಸಾರಿನ ಪರಿಮಳ, ಸೋಫಾದ ಮೇಲೆ ಅವಳ ಒಂದು ಕ್ಲಿಪ್ಪು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿಬಿಡುತ್ತೇನೆ. ಸೊಸೈಟಿಯ ಹೆಂಗಸರ ಮೇಲಲ್ಲ, ಅವರನ್ನು ಬಿಟ್ಟುಬಿಟ್ಟೆ. ಆ ಮೀನಿನ ಮೇಲೆ. ಒಂದು ಪಾತ್ರೆ ತುಂಬ ಬಡಿಸಿದ್ದೆನಲ್ಲ, ಬೆಲ್ಲ ಕೈ ತುಂಬ ಹಾಕಿದ್ದೆನಲ್ಲ. ಅಷ್ಟು ತಿಂದ ಮೇಲೂ, ಒಂದು ಬೆಳಗು, ಒಂದೇ ಒಂದು ಬೆಳಗು ಬಾಯಿ ಮುಚ್ಚಿಕೊಂಡಿರಲಿಕ್ಕೆ ಆ ಹೊಟ್ಟೆಬಾಕನಿಗೆ ಏನು ಧಾಡಿಯಾಗಿತ್ತು?